ಉಡಿಗೆ ಹಾಕಿದ ಕೂಸು

ಬ್ರ್ಯಾಂಡನ್, ಕೆನಡಾ
11 ಮಾರ್ಚ್ 2023

ಅಕ್ಕಾ,

ನೀನು ಹೇಳಿದ ಹಾಗೆ ಇದನ್ನು ಬಾಗಲವಾಡದ ಅಂಗನವಾಡಿ ವಿಳಾಸಕ್ಕೇ ಹಾಕುತ್ತಿದ್ದೇನೆ. ಮಾನ್ವಿ ಮನೆಯ ಫೋನು ಯಾವಾಗ ನೋಡಿದರೂ ಪ್ರಿಯದರ್ಶಿನಿಯ ಕೈಯಲ್ಲಿ. ಬಂದ ಮೆಸೇಜನ್ನೆಲ್ಲ ಅವಳೇ ಓದುತ್ತಾಳೆ, ನಾವು ಮಾತಿಗೆ ಕೂತರೆ ಸ್ಪೀಕರ್ ಹಾಕಿ ನಡುವೆ ಬಂದು ಕೂರುತ್ತಾಳೆ. ಒಂಬತ್ತು ವರ್ಷದವಳ ಕಿವಿ ತಪ್ಪಿಸಿ ಮಾತಾಡುವುದು ನಿನಗೂ ಆಗದು, ನನಗೂ ಆಗದು. ಕಾಗದವೇ ವಾಸಿ.

ನನ್ನ ಪಿಆರ್ ಕಾರ್ಡು ಬಂತು. ಹಾಗಂದರೇನು ಅಂತ ನೀನು ಮೂರು ಸಲ ಕೇಳಿದ್ದೆ, ಮೂರು ಸಲವೂ ನಾನು ಮಾತು ತೇಲಿಸಿದ್ದೆ. ಈಗ ಸಮಾಧಾನವಾಗಿ ಹೇಳುತ್ತೇನೆ ಕೇಳು. ನಾನು ಈ ದೇಶದ ಪ್ರಜೆಯಾಗಿಲ್ಲ. ಓಟು ಹಾಕುವ ಹಾಗಿಲ್ಲ, ಪಾಸ್‌ಪೋರ್ಟು ನಮ್ಮ ದೇಶದ್ದೇ. ಆದರೆ ಇನ್ನು ಮೇಲೆ ಇಲ್ಲಿ ಕಾಯಂ ಇರಬಹುದು. ಯಾವ ಊರಿಗಾದರೂ ಹೋಗಬಹುದು, ಯಾರ ಹತ್ತಿರವಾದರೂ ಕೆಲಸ ಮಾಡಬಹುದು, ಕಾಯಿಲೆ ಬಿದ್ದರೆ ಇಲ್ಲಿಯವರಿಗೆ ಇದ್ದ ಹಾಗೇ ನನಗೂ ಆಸ್ಪತ್ರೆ. ಐದು ವರ್ಷದಲ್ಲಿ ಎರಡು ವರ್ಷ ಈ ನೆಲದ ಮೇಲೆ ಇದ್ದರೆ ಕಾರ್ಡು ಉಳಿಯುತ್ತದೆ.

ಕುವೈತಿನಲ್ಲಿ ನಾಲ್ಕು ವರ್ಷ ನನ್ನ ಪಾಸ್‌ಪೋರ್ಟು ಮೇಡಮ್ಮಿನ ಅಲಮಾರದಲ್ಲಿತ್ತು. ಇಲ್ಲಿಗೆ ಬಂದ ಮೇಲೂ ಮೂರು ವರ್ಷ ನನ್ನ ಪರ್ಮಿಟ್ಟಿನಲ್ಲಿ ಈ ಮನೆಯವರ ಹೆಸರೇ ಇತ್ತು. ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಇವರು ಬೇಡ ಅಂದರೆ ನನಗೆ ನೆಲೆ ಇರಲಿಲ್ಲ. ಅದಕ್ಕೇ ಅಜ್ಜಿಯ ಮಗ ಬೈದರೂ ಸುಮ್ಮನಿದ್ದೆ, ನೆಲಮಾಳಿಗೆಯಲ್ಲಿ ಬಾಯ್ಲರ್ ಪಕ್ಕ ಮಲಗು ಅಂದರೂ ಮಲಗಿದೆ. ಕಾರ್ಡು ಬಂದ ಮರುದಿನ, ಇನ್ನು ಮೇಲೆ ಭಾನುವಾರ ನನಗೆ ರಜೆ ಅಂದೆ. ಅವನು ಆಯಿತು ಅಂದ. ಇಷ್ಟೇನಾ ಅನಿಸಿತು ಅಕ್ಕಾ. ಆ ಭಾನುವಾರ ಎಲ್ಲಿಗೆ ಹೋಗಬೇಕೋ ತಿಳಿಯದೆ, ಹಿಮ ಬೀಳುವಾಗ ಬಸ್ ಸ್ಟಾಪಿನಲ್ಲಿ ಒಂದು ತಾಸು ಕೂತು ಮನೆಗೆ ಬಂದೆ.

ಇನ್ನೊಂದು ಮಾತು ನಿನಗೆ ಹೇಳಲೇಬೇಕು. ಅರ್ಜಿಯಲ್ಲಿ ಮಕ್ಕಳ ಹೆಸರು ಬರೆಯುವ ಕಡೆ ನಾನು ಯಾರೂ ಇಲ್ಲ ಅಂತ ಬರೆದೆ. ದೇವದುರ್ಗದಲ್ಲಿ ನೀನು ಮಣೆಯ ಮೇಲೆ ಕೂತು ಸೆರಗು ಒಡ್ಡಿದ್ದು, ಅವ್ವ ಅದರಲ್ಲಿ ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು ಹಾಕಿದ್ದು, ಅದರ ಮೇಲೆ ನಾನು ನಲವತ್ತು ದಿನದ ಕೂಸನ್ನು ಇಟ್ಟದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ‘ನನ್ನ ಹೊಟ್ಟಿದು ತೀರಿತು, ನಿನ್ನ ಉಡಿದು ಆತು’ ಅಂತ ಮೂರು ಸಲ ಹೇಳಿಸಿದರು. ಉಡಿಗೆ ಹಾಕಿದ ಮೇಲೆ ಆ ಕೂಸನ್ನು ಬಾಯಲ್ಲಾಗಲಿ ಬರಹದಲ್ಲಾಗಲಿ ನನ್ನದು ಅನ್ನಬಾರದು, ಅಂದರೆ ಕೂಸಿಗೆ ಆಗಿಬರುವುದಿಲ್ಲ ಅಂತ ಅವ್ವ ಹೇಳಿದ್ದಳಲ್ಲ. ನಾನು ಆ ಮಾತು ಇಲ್ಲಿ ತನಕ ಮೀರಿಲ್ಲ. ನಿನ್ನ ಮಗಳನ್ನು ನಿನ್ನ ಮಗಳಾಗಿಯೇ ಉಳಿಸಿದ್ದೇನೆ.

ನಿನ್ನ ತಂಗಿ,
ಮೌನೇಶ್ವರಿ


ಬಾಗಲವಾಡ
10 ಏಪ್ರಿಲ್ 2023

ಮೌನಾ,

ಕಾಗದ ಮುಟ್ಟಿತು. ನಮ್ಮ ಅಂಗನವಾಡಿಯ ಸಹಾಯಕಿ ದಿಲ್ಶಾದ್ ಕವರಿನ ಸ್ಟಾಂಪಿನ ಮೇಲಿದ್ದ ರಾಣಿಯ ಚಿತ್ರ ನೋಡಿ, ‘ಟೀಚರ್, ನಿಮ್ಮ ತಂಗಿ ರಾಣಿ ಆಗ್ಯಾಳೇನ್ರಿ’ ಅಂದಳು. ಬಾಯ್ಲರ್ ಪಕ್ಕ ಮಲಗುವ ರಾಣಿ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಇಷ್ಟು ವರ್ಷ ಇದನ್ನೆಲ್ಲ ಯಾಕೆ ಹೇಳಲಿಲ್ಲ ನೀನು.

ನೀನು ಕಾಯಂ ಆದೆ. ನಾನು ಇಪ್ಪತ್ತೊಂದು ವರ್ಷದಿಂದ ಅಂಗನವಾಡಿ ಟೀಚರ್. ನಮ್ಮನ್ನು ಕಾಯಂ ಮಾಡಿ ಅಂತ ರಾಯಚೂರಿನ ಡಿಸಿ ಆಫೀಸಿನ ಮುಂದೆ ಎಷ್ಟು ಬಿಸಿಲು ತಿಂದಿದ್ದೇವೋ ಆ ಕಾಂಪೌಂಡಿಗೇ ಗೊತ್ತು. ಹುಟ್ಟಿದ ಜಿಲ್ಲೆಯಲ್ಲಿ ನಾನು ಕಾಯಂ ಆಗಲಿಲ್ಲ, ನೀನು ಪರದೇಶದಲ್ಲಿ ಆದೆ. ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ ಅಂತ ಬರೆಯಬೇಕೆಂದಿದ್ದೆ, ಆದರೆ ಸ್ವಲ್ಪ ಹೊಟ್ಟೆಕಿಚ್ಚೇ.

ಅರ್ಜಿಯಲ್ಲಿ ನೀನು ಬರೆದದ್ದು ಸರಿಯೇ. ಓದಿ ಸಮಾಧಾನವಾಯಿತು, ಎದೆಯಲ್ಲಿ ಚುಚ್ಚಿದ ಹಾಗೂ ಆಯಿತು. ಶೇಖರ ನಿನ್ನನ್ನು ಬಿಟ್ಟು ಹೋದಾಗ ನಿನಗೆ ಐದು ತಿಂಗಳು. ನನಗೆ ಮದುವೆಯಾಗಿ ಹನ್ನೊಂದು ವರ್ಷವಾದರೂ ಮಡಿಲು ಬರಿದು. ನೀನು ಕೊಟ್ಟದ್ದು ನನ್ನ ಸಲುವಾಗಿಯೋ ನಿನ್ನ ಸಲುವಾಗಿಯೋ ಅಂತ ನಾನು ಕೇಳಿಲ್ಲ. ಕೇಳುವುದೂ ಇಲ್ಲ.

ನಿನ್ನ ಭಾವ ಕೊರೊನಾದಲ್ಲಿ ಹೋಗಿ ಬರುವ ತಿಂಗಳಿಗೆ ಎರಡು ವರ್ಷ. ಅಂದಿನಿಂದ ಪ್ರಿಯಾ ಮಲಗುವಾಗ ನನ್ನ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ, ಬಿಡಿಸಿಕೊಂಡರೆ ಎಚ್ಚರವಾಗುತ್ತಾಳೆ. ಹಗಲಲ್ಲಿ ಮಾತ್ರ ನನಗೇ ಟೀಚರ್. ನನಗೆ ಎರಡು ತಿಂಗಳಿಂದ ಕಿಬ್ಬೊಟ್ಟೆ ನೋಯುತ್ತಿದೆ. ಈ ವಯಸ್ಸಿಗೆ ಇದ್ದದ್ದೇ ಅನ್ನುತ್ತಾರೆ. ನೋಡೋಣ.

ಬಸ್ಸಮ್ಮ


ರಾಯಚೂರು
21 ಆಗಸ್ಟ್ 2023

ಮೌನಾ,

ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆ ಫೋನಿನಲ್ಲಿ ಗ್ಯಾಸ್ಟ್ರಿಕ್ ಅಂತ ಹೇಳಿದ್ದು ಪ್ರಿಯಾಳಿಗೋಸ್ಕರ. ಗರ್ಭಚೀಲದ ಬಾಯಲ್ಲಿ ಗಡ್ಡೆಯಿದೆ, ಕ್ಯಾನ್ಸರ್. ಮೂರನೇ ಹಂತ ದಾಟಿದೆ ಅಂದರು. ಒಂದು ಕೂಸನ್ನೂ ಹೊರದ ಚೀಲ ಈಗ ಇದನ್ನು ಹೊತ್ತು ಕೂತಿದೆ ನೋಡು. ಗಡ್ಡೆ ಸುಡಲು ಕರೆಂಟು ಕೊಡುತ್ತಾರಂತೆ, ಔಷಧ ಏರಿಸುತ್ತಾರಂತೆ. ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ನನ್ನ ಮುಖ ನೋಡದೆ ಫೈಲು ನೋಡಿ ಮಾತಾಡಿದಳು. ಎಷ್ಟು ದಿನ ಅಂತ ಕೇಳಿದೆ. ‘ವರ್ಷದ ಮಾತು ಬ್ಯಾಡ್ರಿ’ ಅಂದಳು.

ಮೊದಲ ಸಲ ನಿನ್ನ ಹತ್ತಿರ ಒಂದು ಕೇಳುತ್ತಿದ್ದೇನೆ. ಪ್ರಿಯಾಳನ್ನು ಕರೆದುಕೊಂಡು ಹೋಗು.

ನಾನು ಹೋದರೆ ಅವಳಿಗೆ ಇರುವುದು ದೇವದುರ್ಗದ ಬೂದೆಪ್ಪಣ್ಣ ಒಬ್ಬನೇ. ನಮ್ಮ ಅಣ್ಣ ಕೆಟ್ಟವನಲ್ಲ, ಆದರೆ ಅವನ ಮಗಳನ್ನೇ ಏನು ಮಾಡಿದ ನೋಡಿದೆಯಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿ ಮೆಣಸಿನಕಾಯಿ ಹೊಲಕ್ಕೆ ಕಳಿಸಿದ, ಹದಿನಾರು ತುಂಬುವ ಮೊದಲೇ ತಾಳಿ ಕಟ್ಟಿಸಿದ. ಹುಡುಗಿಯರಿಗೆ ಅಷ್ಟೇ ಬಹಳ ಅನ್ನುವವನು. ಪ್ರಿಯಾ ಆ ಹೊಲದಲ್ಲಿ ಬಗ್ಗಿ ನಿಂತದ್ದು ಕಣ್ಣ ಮುಂದೆ ಬಂದರೆ ನನ್ನ ಗಡ್ಡೆಯ ನೋವೇ ಮರೆತುಹೋಗುತ್ತದೆ.

ಉಡಿಗೆ ಹಾಕಿದ್ದನ್ನು ವಾಪಸ್ ಕೊಡುವ ಪದ್ಧತಿ ಇಲ್ಲ ಅಂತ ನೀನು ಅನ್ನಬಹುದು. ಇಲ್ಲದ ಪದ್ಧತಿ ನಾನೇ ಹುಟ್ಟುಹಾಕುತ್ತೇನೆ. ನೀನು ಬಾ, ಮಣೆಯ ಮೇಲೆ ಕೂರು, ಸೆರಗು ಒಡ್ಡು.

ಬಸ್ಸಮ್ಮ


ಬ್ರ್ಯಾಂಡನ್
24 ಸೆಪ್ಟೆಂಬರ್ 2023

ಅಕ್ಕಾ,

ನಿನ್ನ ಕಾಗದ ಓದಿದ ದಿನ ಅಜ್ಜಿಗೆ ಎರಡು ಸಲ ಒಂದೇ ಮಾತ್ರೆ ಕೊಡುವವಳಿದ್ದೆ. ನರ್ಸ್ ಆಗಿ ನನಗೆ ಆ ಹಂತದ ಅರ್ಥ ಗೊತ್ತು. ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು.

ವಲಸೆ ಕಾಯಿದೆಯ ವಕೀಲರೊಬ್ಬರನ್ನು ಕಂಡೆ. ಪಂಜಾಬಿನ ಕಡೆಯ ಹೆಂಗಸು, ಕಣ್ಣಿಗೆ ಕಣ್ಣಿಟ್ಟು ಮಾತಾಡುವವಳು. ನಾನು ಎಲ್ಲ ಹೇಳಿದೆ, ಉಡಿಯ ಮಾತನ್ನೂ ಹೇಳಿದೆ. ಆಕೆ ಪ್ರಿಯಾಳ ಜನನ ಪತ್ರ ನೋಡಿದಳು. ಅದರಲ್ಲಿ ತಾಯಿಯ ಹೆಸರು ನನ್ನದು. ನಾವು ಯಾರೂ ದತ್ತಕ ಪತ್ರ ಮಾಡಿಸಿಲ್ಲ. ಅಂದಮೇಲೆ ಕಾನೂನಿಗೆ ಅವಳು ನನ್ನ ಮಗಳು. ಪಿಆರ್ ಅರ್ಜಿ ಹಾಕುವಾಗ ಜೊತೆಗೆ ಬರದ ಮಕ್ಕಳ ಹೆಸರನ್ನೂ ಬರೆಯಲೇಬೇಕು, ಅವರ ಡಾಕ್ಟರ್ ತಪಾಸಣೆಯೂ ಆಗಬೇಕು. ಬರೆಯದೆ ಬಿಟ್ಟ ಮಗುವನ್ನು ಮಗಳು ಅಂತ ಆಮೇಲೆ ಕರೆಸಿಕೊಳ್ಳುವ ಹಾಗಿಲ್ಲ.

ಈಗ ದತ್ತಕ ಪತ್ರ ಮಾಡಿಸಿದರೆ ಅಂತ ಕೇಳಿದೆ. ಅಂದು ಮುಚ್ಚಿಟ್ಟದ್ದು ಇಂದಿನ ಕಾಗದದಿಂದ ಹೋಗುವುದಿಲ್ಲ ಅಂದಳು. ದಯೆ ತೋರಿಸಿ ಅಂತ ಬೇರೆ ಅರ್ಜಿ ಹಾಕಬಹುದಂತೆ. ಆದರೆ ಯಾಕೆ ಮುಚ್ಚಿಟ್ಟೆ ಅಂತ ಮೊದಲು ನನ್ನನ್ನೇ ಕೇಳುತ್ತಾರೆ, ಸುಳ್ಳು ಬರೆದೆ ಅಂತ ನನ್ನ ಕಾರ್ಡೇ ಹೋಗಬಹುದು. ವರ್ಷಗಟ್ಟಲೆ ಹಿಡಿಯುತ್ತದೆ, ಸಿಗುತ್ತದೆ ಅನ್ನುವ ನಂಬಿಕೆಯೂ ಇಲ್ಲ.

ಅವ್ವನ ಮಾತಿಗೆ ಬಿದ್ದು ಹೀಗಾಯಿತಲ್ಲ ಅಕ್ಕಾ. ನಮ್ಮ ಪದ್ಧತಿ ಇವರಿಗೆ ಹೇಗೆ ತಿಳಿಯಬೇಕು. ನಾನು ಸುಳ್ಳು ಬರೆದೆ ಅಂತ ನನಗೆ ಅನಿಸಲೇ ಇಲ್ಲ.

ಮೌನೇಶ್ವರಿ


ಮಾನ್ವಿ
30 ಅಕ್ಟೋಬರ್ 2023

ಮೌನಾ,

ನಿನ್ನ ವಕೀಲೆ ಹೇಳಿದ್ದು ಅರ್ಥವಾಯಿತು. ಹುಡುಗಿ ಅಲ್ಲಿಗೆ ಬರುವ ಹಾಗಿಲ್ಲ. ಸರಿ. ನೀನು ಇಲ್ಲಿಗೆ ಬರಬಹುದಲ್ಲ.

ಐದು ವರ್ಷದಲ್ಲಿ ಎರಡು ವರ್ಷ ಅಲ್ಲಿದ್ದರೆ ಸಾಕು ಅಂತ ಬರೆದವಳು ನೀನೇ. ನನಗೆ ಗಣಿತ ಕಡಿಮೆ, ಆದರೂ ಐದರಲ್ಲಿ ಎರಡು ಕಳೆದರೆ ಮೂರು ಉಳಿಯುತ್ತದೆ. ಮೂರು ವರ್ಷ ಇಲ್ಲಿರು. ಅಷ್ಟರಲ್ಲಿ ಪ್ರಿಯಾ ಎಂಟನೇ ಕ್ಲಾಸಿಗೆ ಬರುತ್ತಾಳೆ, ತನಗೇನು ಬೇಕು ಅಂತ ಬಾಯಿಬಿಟ್ಟು ಹೇಳುವಷ್ಟು ದೊಡ್ಡವಳಾಗುತ್ತಾಳೆ. ನಿನ್ನ ಕಾರ್ಡಿಗೂ ಏನೂ ಆಗುವುದಿಲ್ಲ. ರಾಯಚೂರಿನಲ್ಲಿ ನರ್ಸಿಗೆ ಕೆಲಸ ಸಿಗದೇ ಹೋಗುತ್ತದೆಯೇ.

ಮೊದಲು ನಿನಗೆ ಬರಲು ಆಗುತ್ತಿರಲಿಲ್ಲ. ಪಾಸ್‌ಪೋರ್ಟು ಅವರ ಹತ್ತಿರ, ಪರ್ಮಿಟ್ಟು ಇವರ ಹೆಸರಲ್ಲಿ. ಅವ್ವ ಸತ್ತಾಗ ಬರಲಿಲ್ಲ, ನಿನ್ನ ಭಾವ ಸತ್ತಾಗ ಬರಲಿಲ್ಲ, ನಾನು ಒಂದು ಮಾತು ಅನ್ನಲಿಲ್ಲ. ಈಗ ಯಾರೂ ಹಿಡಿದಿಲ್ಲ ಅಂತ ನೀನೇ ಬರೆದಿದ್ದೀಯ.

ತಲೆಗೂದಲು ಹೋಯಿತು. ಹೇನಾಗಿತ್ತು, ಬೋಳಿಸಿದೆ ಅಂತ ಪ್ರಿಯಾಳಿಗೆ ಹೇಳಿದೆ. ಅವಳು ನಂಬಿದ ಹಾಗೆ ಮಾಡಿದಳು. ನಾನು ಅಂಗನವಾಡಿಗೆ ಹೋಗುವುದು ನಿಂತಿತು. ಕಾಗದ ಮಾನ್ವಿ ಮನೆಗೇ ಹಾಕು, ಸಂಜೆ ದಿಲ್ಶಾದ್ ಬಂದು ಓದುತ್ತಾಳೆ. ನನ್ನ ಕಣ್ಣು ಅಕ್ಷರದ ಮೇಲೆ ನಿಲ್ಲುತ್ತಿಲ್ಲ.

ಬಸ್ಸಮ್ಮ


ಬ್ರ್ಯಾಂಡನ್
3 ಡಿಸೆಂಬರ್ 2023

ಅಕ್ಕಾ,

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಅಜ್ಜಿಗೆ ನ್ಯುಮೋನಿಯಾ ಆಗಿತ್ತು. ನಾನು ಅಡ್ವಾನ್ಸ್ಡ್ ಕೋರ್ಸಿಗೆ ಸೇರಿದ್ದೇನೆ, ನಮ್ಮ ನರ್ಸಿಂಗ್ ಸರ್ಟಿಫಿಕೇಟು ಇಲ್ಲಿ ನಡೆಯಬೇಕಾದರೆ ಅದು ಬೇಕು, ಏಪ್ರಿಲ್‌ವರೆಗೆ ಬಿಡುವ ಹಾಗಿಲ್ಲ. ಪ್ರಜೆಯಾಗಬೇಕಾದರೆ ಮೂರು ವರ್ಷ ಇಲ್ಲೇ ಇರಬೇಕು, ಬಂದರೆ ಆ ಲೆಕ್ಕ ಮುಂದೆ ಹೋಗುತ್ತದೆ. ಬರುವುದಿಲ್ಲ ಅಂತಲ್ಲ. ಕೋರ್ಸು ಮುಗಿಯಲಿ.

ನೀನು ಸರಿಯಾಗಿ ಊಟ ಮಾಡು. ರಾಗಿ ಗಂಜಿ ಇಳಿಯುತ್ತದೆ. ಬಾಯಲ್ಲಿ ಹುಣ್ಣಾದರೆ ಉಪ್ಪು ನೀರಿನಲ್ಲಿ ಮುಕ್ಕಳಿಸು. ಪ್ರಿಯಾಳಿಗೆ ಸ್ವೆಟರ್ ಕಳಿಸಿದ್ದೇನೆ.

ಮೌನೇಶ್ವರಿ


ಮಾನ್ವಿ
6 ಜನವರಿ 2024

ಮೌನಾ,

ದಿಲ್ಶಾದ್ ಕೈಯಲ್ಲಿ ಬರೆಸುತ್ತಿದ್ದೇನೆ. ಸ್ವೆಟರ್ ಬಂತು. ಮಾನ್ವಿಯಲ್ಲಿ ಅದನ್ನು ಹಾಕಿಕೊಂಡರೆ ಬೆವರುತ್ತದೆ, ಆದರೂ ಹುಡುಗಿ ಬಿಚ್ಚುತ್ತಿಲ್ಲ.

ಏಪ್ರಿಲ್ ನನಗೆ ದೂರ. ನನ್ನ ನೋವಿಗೆ ನೀನು ಔಷಧ ಹೇಳಬೇಡ, ಇಲ್ಲಿಯೂ ನರ್ಸುಗಳಿದ್ದಾರೆ. ಒಂದೇ ಮಾತು ಕೇಳುತ್ತೇನೆ, ತಿರುಗಿಸದೆ ಹೇಳು. ಬರುತ್ತೀಯೋ ಇಲ್ಲವೋ. ಬರುವುದಿಲ್ಲ ಅಂದರೂ ನಾನು ತಡೆದುಕೊಳ್ಳುತ್ತೇನೆ. ಗೊತ್ತಾಗದೆ ಸಾಯುವುದನ್ನು ಮಾತ್ರ ತಡೆದುಕೊಳ್ಳಲಾರೆ.

ಬಸ್ಸಮ್ಮ


ಬ್ರ್ಯಾಂಡನ್
8 ಫೆಬ್ರವರಿ 2024

ಅಕ್ಕಾ,

ಮೂರು ಸಲ ಬರೆದು ಹರಿದೆ. ದಿಲ್ಶಾದ್ ಓದುತ್ತಾಳೆ ಅನ್ನುವ ನಾಚಿಕೆ ಒಂದು ಕಡೆ. ಆದರೂ ನೀನು ಕೇಳಿದ್ದೀಯ.

ಬರುವುದಿಲ್ಲ.

ಕೋರ್ಸೂ ನೆಪ, ಪ್ರಜೆಯಾಗುವುದೂ ನೆಪ. ಇನ್ನೂ ಒಂದು ಸುಳ್ಳು ಹೇಳಿದ್ದೇನೆ. ಅರ್ಜಿಯಲ್ಲಿ ಮಕ್ಕಳ ಸಾಲು ಬಂದಾಗ, ಜೊತೆಗೆ ಬರದ ಮಕ್ಕಳನ್ನೂ ಬರೆಯಿರಿ ಅಂತ ಕೆಳಗೆ ದಪ್ಪ ಅಕ್ಷರದಲ್ಲಿ ಇತ್ತು. ಓದಿದೆ. ಕೈ ನಿಂತಿತು. ಬರೆದರೆ ಪ್ರಿಯಾಳ ತಪಾಸಣೆ, ಅವಳ ಕಾಗದ, ಶೇಖರನ ಒಪ್ಪಿಗೆ ಎಲ್ಲ ಬೇಕಾಗುತ್ತದೆ, ಕಾರ್ಡು ಒಂದು ವರ್ಷ ತಡವಾಗುತ್ತದೆ ಅಂತ ಮೊದಲು ಹೊಳೆಯಿತು. ಅವ್ವನ ಮಾತು ಆಮೇಲೆ ನೆನಪಾಯಿತು. ನೆನಪಾದದ್ದಕ್ಕೆ ಖುಷಿಪಟ್ಟೆ. ಪದ್ಧತಿಯ ಸೆರಗು ಹಿಡಿದು ಅದರ ಹಿಂದೆ ನಿಂತುಕೊಂಡೆ.

ನೀನು ಕೇಳದೇ ಬಿಟ್ಟದ್ದಕ್ಕೂ ಉತ್ತರ ಹೇಳಿಬಿಡುತ್ತೇನೆ. ಕೂಸನ್ನು ನಿನ್ನ ಉಡಿಗೆ ಹಾಕಿದ್ದು ನನ್ನ ಸಲುವಾಗಿ. ನೀನು ಅಳುತ್ತಾ ಅದನ್ನು ಎದೆಗೊತ್ತಿಕೊಂಡಾಗ ಎಲ್ಲರೂ ನನ್ನನ್ನು ದೊಡ್ಡ ಮನಸ್ಸಿನವಳು ಅಂದರು. ನನಗೆ ಆದದ್ದು ಹಗುರ. ಅಂದು ಬಸ್ಸಿನಲ್ಲಿ ರಾಯಚೂರಿಗೆ ಬರುವಾಗ ಎದೆಹಾಲು ಸೋರಿ ಕುಪ್ಪಸ ಒದ್ದೆಯಾಗಿತ್ತು, ಆದರೂ ಮನಸ್ಸು ಹಗುರವಾಗಿತ್ತು.

ಹುಟ್ಟಿದಾಗಿನಿಂದ ನಾನು ಯಾರದೋ ಕೈಕೆಳಗೆ ಇದ್ದೆ ಅಕ್ಕಾ. ಅಪ್ಪ, ಶೇಖರ, ಕುವೈತಿನ ಮೇಡಮ್ಮು, ಈ ಮನೆ. ಮೂವತ್ತೇಳನೇ ವಯಸ್ಸಿಗೆ ಒಂದು ಭಾನುವಾರ ನನ್ನದಾಗಿದೆ. ಬಂದರೆ ಅವಳು ನನ್ನ ಸೆರಗು ಬೆರಳಿಗೆ ಸುತ್ತಿಕೊಳ್ಳುತ್ತಾಳೆ, ನಾನು ಬಿಡಿಸಿಕೊಂಡು ಬರಲಾರೆ. ಕಾರ್ಡು ಉಳಿದರೂ ನಾನು ಉಳಿಯುವುದಿಲ್ಲ. ಅವಳ ಮೇಲೆ ನನಗೆ ಪ್ರೀತಿ ಇಲ್ಲ ಅಂತಲ್ಲ. ಇರುವಷ್ಟು ಸಾಲದು.

ನನ್ನನ್ನು ಬೈದುಬಿಡು. ಉತ್ತರ ಬರೆಯದಿದ್ದರೂ ಅರ್ಥಮಾಡಿಕೊಳ್ಳುತ್ತೇನೆ.

ಮೌನಾ


ದೇವದುರ್ಗ
28 ಮಾರ್ಚ್ 2024

ಸಣ್ಣವ್ವನವರಿಗೆ ನಮಸ್ಕಾರಗಳು.

ಅವ್ವ ಮಾರ್ಚ್ ಐದನೇ ತಾರೀಖು ಮಂಗಳವಾರ ಬೆಳಿಗ್ಗೆ ತೀರಿಕೊಂಡಳು. ಇದನ್ನು ಮಾವ ನಿಮಗೆ ಫೋನಿನಲ್ಲಿ ತಿಳಿಸಿದ್ದಾರೆ. ಆಗ ನೀವು ಬಹಳ ಅತ್ತಿರಿ, ನನ್ನ ಜೊತೆ ಮಾತಾಡಲು ಆಗಲಿಲ್ಲ. ಅದಕ್ಕೆ ಕಾಗದ ಬರೆಯುತ್ತಿದ್ದೇನೆ. ನಿಮ್ಮ ವಿಳಾಸ ಹಳೆಯ ಕವರಿನ ಹಿಂದೆ ಇತ್ತು.

ನಿಮ್ಮ ಕಾಗದ ಮಾರ್ಚ್ ಎರಡನೇ ತಾರೀಖು ಬಂತು. ದಿಲ್ಶಾದ್ ಆಂಟಿಗೆ ಪೋಲಿಯೋ ಡ್ಯೂಟಿ ಇತ್ತು, ಮೂರು ದಿನ ಬರುವುದಿಲ್ಲ ಅಂದಿದ್ದರು. ಅವ್ವ ಕವರನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಒಂದು ದಿನ ಕಾದಳು. ಮರುದಿನ ‘ನೀನೇ ಓದವ್ವಾ’ ಅಂದಳು. ಶಾಲೆಯಲ್ಲಿ ನಮಗೆ ಮೊದಲು ಮನಸ್ಸಿನಲ್ಲಿ ಓದಿ ಆಮೇಲೆ ಜೋರಾಗಿ ಓದಲು ಹೇಳಿದ್ದಾರೆ. ನಾನು ಹಾಗೇ ಮಾಡಿದೆ. ಎಲ್ಲ ಓದಿದೆ. ಅದರಲ್ಲಿ ಇರುವುದರ ಬಗ್ಗೆ ನನಗೆ ನಿಮ್ಮನ್ನು ಕೇಳುವುದು ಏನೂ ಇಲ್ಲ.

ಜೋರಾಗಿ ಓದುವಾಗ ನಾನು ನೀವು ಬರೆದದ್ದನ್ನು ಓದಲಿಲ್ಲ. ‘ಅಕ್ಕಾ, ಟಿಕೆಟ್ ತಗಂಡೀನಿ, ಬರಾಕತ್ತೀನಿ, ಹುಡುಗೀನ ನಾನು ನೋಡ್ಕೋತೀನಿ, ನೀ ಚಿಂತಿ ಮಾಡಬ್ಯಾಡ’ ಅಂತ ಓದಿದೆ. ಅವ್ವ ಕಣ್ಣು ಮುಚ್ಚಿಕೊಂಡು ಕೇಳಿದಳು. ಇನ್ನೊಂದು ಸಲ ಓದು ಅಂದಳು. ಎರಡನೇ ಸಲ ನನಗೆ ಮೊದಲಿನ ಮಾತುಗಳು ಹಾಗೇ ನೆನಪಾಗಲಿಲ್ಲ, ಬೇರೆ ಬೇರೆ ಓದಿದೆ. ಅವ್ವ ನನ್ನ ಕೈ ಹಿಡಿದುಕೊಂಡು, ‘ಚಂದ ಓದ್ತಿ’ ಅಂದಳು. ದಿಲ್ಶಾದ್ ಆಂಟಿ ಬರುವ ಮೊದಲು ಆ ಕಾಗದವನ್ನು ನಾನು ಒಲೆಗೆ ಹಾಕಿದೆ.

ನಾನು ಈಗ ಮಾವನ ಮನೆಯಲ್ಲಿದ್ದೇನೆ. ಸರ್ಕಾರಿ ವಸತಿ ಶಾಲೆಗೆ ಸೇರಲು ಒಂದು ಪರೀಕ್ಷೆ ಬರೆಯಬೇಕಿತ್ತು, ಆ ದಿನ ಅವ್ವನಿಗೆ ಜಾಸ್ತಿ ಆಗಿತ್ತು, ನಾನು ಹೋಗಿರಲಿಲ್ಲ. ಅತ್ತೆ ನನ್ನನ್ನು ಮೆಣಸಿನಕಾಯಿ ಬಿಡಿಸಲು ಕರೆದುಕೊಂಡು ಹೋಗುತ್ತೇನೆ ಅಂದರು. ಆಗ ಮಾವನಿಗೂ ನಾನು ಅದನ್ನೇ ಹೇಳಿದೆ, ಸಣ್ಣವ್ವ ಬರುತ್ತಾಳೆ, ನನ್ನನ್ನು ಕೆನಡಾಕ್ಕೆ ಕರೆದುಕೊಂಡು ಹೋಗುತ್ತಾಳೆ, ಕಾಗದಪತ್ರ ಆಗುವುದಕ್ಕೆ ತಡವಾಗುತ್ತದೆ ಅಂತ. ಮಾವ ಒಂದು ದಿನ ಯೋಚನೆ ಮಾಡಿ, ‘ಹಂಗಾದ್ರ ಈಕಿ ಸಾಲಿ ಕಲಿತಿರಬೇಕು’ ಅಂದರು. ಜೂನಿನಲ್ಲಿ ಆರನೇ ತರಗತಿಗೆ ಹೆಸರು ಹಚ್ಚುತ್ತಾರೆ. ಹೊಲಕ್ಕೆ ಕಳಿಸುತ್ತಿಲ್ಲ.

ಅವರು ನಿಮಗೆ ಫೋನ್ ಮಾಡಿ ಕೇಳುತ್ತಾರೆ. ನೀವು ಹೌದು ಅನ್ನಬೇಕು. ಮುಂದಿನ ವರ್ಷ ಕೇಳಿದರೂ ಹೌದು ಅನ್ನಬೇಕು. ನೀವು ಬರುವುದು ಬೇಡ, ಬರಬೇಕು ಅಂತ ನಾನು ಕೇಳುತ್ತಿಲ್ಲ. ಬರುವುದಿಲ್ಲ ಅಂತ ಮಾತ್ರ ಹತ್ತನೇ ತರಗತಿ ಮುಗಿಯುವವರೆಗೆ ಯಾರಿಗೂ ಹೇಳಬೇಡಿರಿ.

ಪ್ರಿಯದರ್ಶಿನಿ
ತಾಯಿ ಬಸ್ಸಮ್ಮ